ಮಧ್ಯಾಹ್ನದ ಸಹಿ

ಹೋಟೆಲಿನ ಎರಡನೇ ಮಹಡಿಯ ಹಾಲಿಗೆ ಅಂಪಾರೊ ಗಯನಿಲೊ ಬಂದಾಗ ಎಂಟಾಗಲು ಇನ್ನೂ ಹತ್ತು ನಿಮಿಷವಿತ್ತು. ಬಾಗಿಲಲ್ಲೇ ಮೇಜು ಹಾಕಿಕೊಂಡು ಕೂತಿದ್ದ ಚಾರಿಸ್ ಎಂಬ ಹುಡುಗಿ ಹಾಜರಿ ಪುಸ್ತಕವನ್ನು ಅವಳ ಕಡೆಗೆ ತಿರುಗಿಸಿ ಪೆನ್ನು ಕೊಟ್ಟಳು.

"ನಾಂಗ್ ಪಾರಿಂಗ್, ಇದು ಬೆಳಗಿನ ಸಹಿ. ಊಟ ಆದ್ಮೇಲೆ ಒಂದು ಗಂಟೆಗೆ ಇನ್ನೊಂದು, ಸಾಯಂಕಾಲ ಐದಕ್ಕೆ ಕೊನೇದು. ಮೂರೂ ಇದ್ರೆ ಎಂಟು ಯೂನಿಟ್ಟು. ಒಂದು ತಪ್ಪಿದ್ರೂ ಸೊನ್ನೆ. ಆಮೇಲೆ ನನ್ನ ಬೈಬೇಡಿ, ರೂಲ್ಸು ಮಾಡಿದ್ದು ನಾನಲ್ಲ."

"ನಿನ್ನ ಯಾಕೆ ಬೈಲಿ, ಇಂದಾಯ್? ಬೆಳಬೆಳಗ್ಗೆ ನಗುನಗ್ತಾ ಕೂತಿದೀಯ, ಅದೇ ದೊಡ್ಡದು." ಹುಡುಗಿಯರನ್ನೆಲ್ಲ ಅವಳು ಇಂದಾಯ್, ಮಗಳೇ, ಎಂದೇ ಕರೆಯುವುದು.

ಅಂಪಾರೊಗೆ ಅರವತ್ಮೂರು; ಪರಿಚಯದವರಿಗೆಲ್ಲ ಅವಳು ಪಾರಿಂಗ್, ಕಿರಿಯರಿಗೆ ನಾಂಗ್, ಅಂದರೆ ಅಕ್ಕ. ಇಲೊಯಿಲೊ ನಗರದಲ್ಲಿ ಇಪ್ಪತ್ತೇಳು ವರ್ಷದಿಂದ ಮನೆ, ಜಾಗ ಕೊಡಿಸುವ, ಮಾರಿಸುವ ಕೆಲಸ. ಈ ಕಸುಬಿನವರ ಲೈಸೆನ್ಸು ಮೂರು ವರ್ಷಕ್ಕೊಮ್ಮೆ, ಅವರವರ ಹುಟ್ಟುಹಬ್ಬದ ದಿನಕ್ಕೆ ಸರಿಯಾಗಿ ಮುಗಿಯುತ್ತದೆ. ಅಷ್ಟರೊಳಗೆ ಇಂಥ ತರಗತಿಗಳಲ್ಲಿ ಕೂತು ಹದಿನೈದು ಯೂನಿಟ್ಟು ಸೇರಿಸದಿದ್ದರೆ ಹೊಸದು ಸಿಗುವುದಿಲ್ಲ. ಅವಳ ಹುಟ್ಟುಹಬ್ಬ ನವೆಂಬರಿನಲ್ಲಿ, ಇದಿನ್ನೂ ಫೆಬ್ರವರಿ. ಆದರೆ ಕೊನೇ ಗಳಿಗೆಯಲ್ಲಿ ಓಡಾಡುವುದು ಅವಳ ಜಾಯಮಾನವಲ್ಲ. ಬಸ್ಸು ಹತ್ತು ಗಂಟೆಗಿದ್ದರೆ ಒಂಬತ್ತಕ್ಕೇ ನಿಲ್ದಾಣದಲ್ಲಿರುವ ಹೆಂಗಸು.

ಕುರ್ಚಿಗಳಿಗೆ ಹೆಸರಿನ ಚೀಟಿ ಅಂಟಿಸಿದ್ದರು, ಮನೆಹೆಸರಿನ ಅಕ್ಷರದ ಪ್ರಕಾರ. ಅಂಪಾರೊ ತನ್ನ ಚೀಟಿ ಹುಡುಕಿ, ಬ್ಯಾಗು ಇಟ್ಟು, ಸುಮ್ಮನೆ ಪಕ್ಕದ ಕುರ್ಚಿಯ ಚೀಟಿ ಓದಿದಳು. ಮೆಲೆಸಿಯೊ ಗಯೊಮಾಲಿ.

ಅವಳು ಹೊರಡೋಣವೇ ಎಂದು ಒಂದು ಕ್ಷಣ ನಿಂತೇ ಇದ್ದಳು.

ಗಿಂಬಾಲ್ ಊರಿನವರ ಮನೆಹೆಸರೆಲ್ಲ ಒಂದೇ ಅಕ್ಷರದಿಂದ ಶುರುವಾಗುತ್ತವೆ. ಎಂದೋ ಸತ್ತ ಯಾವನೋ ಸ್ಪೇನಿನ ಅಧಿಕಾರಿ ಊರಿಗೊಂದು ಅಕ್ಷರ ಹಂಚಿ ಹೋಗಿದ್ದ. ಹಾಗಾಗಿ ಶಾಲೆಯಲ್ಲಿ, ಮತಗಟ್ಟೆಯಲ್ಲಿ, ಆಸ್ಪತ್ರೆಯ ಸಾಲಿನಲ್ಲಿ ಗಿಂಬಾಲಿನವರು ಒಬ್ಬರ ಪಕ್ಕ ಒಬ್ಬರು ಬಂದು ಬೀಳುವುದು ಹೊಸದೇನಲ್ಲ. ಆದರೆ ಒಂಬತ್ತು ವರ್ಷದಿಂದ ಮಾತು ಬಿಟ್ಟ ಮನುಷ್ಯನ ಪಕ್ಕದಲ್ಲಿ ಇಡೀ ದಿನ ಕೂರಬೇಕೆಂದರೆ?

ಆಗಿದ್ದು ಇಷ್ಟು. ದುಬೈನಿಂದ ರಜೆಗೆ ಬಂದ ನರ್ಸ್ ದಂಪತಿಗೆ ಅಂಪಾರೊ ನಾಲ್ಕು ತಿಂಗಳು ಮನೆ ತೋರಿಸಿದ್ದಳು. ಬಿಸಿಲೆನ್ನದೆ ಮಳೆಯೆನ್ನದೆ ಅವರನ್ನು ಕರೆದುಕೊಂಡು ಸುತ್ತಿದ್ದಳು, ಆ ಹೆಂಗಸಿಗೆ ಅಡುಗೆಮನೆ ಪೂರ್ವಕ್ಕಿರಬೇಕು, ಗಂಡಸಿಗೆ ಅಂಗಳದಲ್ಲಿ ಮರವಿರಬೇಕು ಎಂಬುದನ್ನೆಲ್ಲ ಬಾಯಿಪಾಠ ಮಾಡಿಕೊಂಡಿದ್ದಳು. ಪಾವಿಯಾದಲ್ಲಿ ಅಂಥದೇ ಒಂದು ಮನೆ ಪತ್ತೆ ಮಾಡಿ ಅವರಿಗೆ ತಿಳಿಸುವಷ್ಟರಲ್ಲಿ ಅವರು ಬೇರೆ ಮನೆಗೆ ಸಹಿ ಹಾಕಿಬಿಟ್ಟಿದ್ದರು. ಹಾಕಿಸಿದವನು ಮೆಲೆಸಿಯೊ. ಆ ದಂಪತಿಯ ವಿಷಯವನ್ನು ಅಂಪಾರೊ ಹೇಳಿಕೊಂಡಿದ್ದು ಜಗತ್ತಿನಲ್ಲಿ ಒಬ್ಬಳಿಗೆ ಮಾತ್ರ: ಲಿಬ್ರಾದಳಿಗೆ. ಲಿಬ್ರಾದ ಅವಳ ಬಾಲ್ಯದ ಗೆಳತಿ, ಹತ್ತಿರದವರಿಗೆ ಲಿಬಾಯ್. ಮೆಲೆಸಿಯೊನ ಹೆಂಡತಿ.

ಹೆಂಡತಿ ಊಟದ ಹೊತ್ತಲ್ಲಿ ಮಾತಿಗೆ ಮಾತು ಬಂದು ಏನೋ ಅಂದಿರಬೇಕು, ಗಂಡ ಅದನ್ನು ಹಿಡಿದುಕೊಂಡು ಓಡಿದ್ದಾನೆ ಎಂದು ಅಂಪಾರೊ ತೀರ್ಮಾನಿಸಿದ್ದಳು. ಅವರ ಮನೆ ಬಾಗಿಲಿಗೆ ಹೋಗಿ ಜಗಳ ಆಡಿ ಬಂದಿದ್ದಳು. ಮೆಲೆಸಿಯೊ ತಲೆತಗ್ಗಿಸಿ ನಿಂತಿದ್ದ, ಒಂದು ಮಾತೂ ಎದುರಾಡಿರಲಿಲ್ಲ. ಲಿಬ್ರಾದ ಒಳಗಿನಿಂದ ಹೊರಗೇ ಬರಲಿಲ್ಲ. ಆಮೇಲೆ ದಿನಗಳು ವರ್ಷಗಳಾದವು. ನಾಲ್ಕು ವರ್ಷದ ಹಿಂದೆ ಅಂಪಾರೊಳ ಗಂಡ ಸಿಪ್ರಿಯಾನೊ ತೀರಿಕೊಂಡಾಗ ಊರೆಲ್ಲ ಬಂತು. ಲಿಬ್ರಾದ ಬರಲಿಲ್ಲ. ಮನೆ ಮಾರಾಟದ ಸಿಟ್ಟು ಅಷ್ಟು ಹೊತ್ತಿಗೆ ಆರಿತ್ತು; ಇದು ಮಾತ್ರ ಆರಲಿಲ್ಲ.

ಎಂಟಕ್ಕೆ ಸರಿಯಾಗಿ ಮೆಲೆಸಿಯೊ ಬಂದ. ಎಷ್ಟು ಇಳಿದುಹೋಗಿದ್ದಾನೆ ಅನಿಸಿತು ಅವಳಿಗೆ. ಅಂಗಿಯ ಕಾಲರು ಕತ್ತಿಗೆ ಎರಡು ಬೆರಳು ದೊಡ್ಡದಾಗಿತ್ತು. ಅವನು ಚೀಟಿ ಓದಿದ, ಅವಳನ್ನು ನೋಡಿದ, ಮತ್ತೆ ಚೀಟಿ ಓದಿದ.

"ಕೂರಿ ನೊಂಗ್," ಎಂದಳು ಅಂಪಾರೊ. ವಯಸ್ಸಿನಲ್ಲಿ ಆರು ವರ್ಷ ದೊಡ್ಡವನು. ಸಿಟ್ಟಿದ್ದರೂ ಅಣ್ಣ ಅನ್ನದೆ ಬೇರೆ ದಾರಿಯಿರಲಿಲ್ಲ. "ಚೀಟಿ ಅಂಟಿಸಿದ್ದು ನಾನಲ್ಲ."

"ಗೊತ್ತು," ಎಂದು ಅವನು ಕೂತ.

ಬೆಳಗಿನ ಪಾಠ ಕಂದಾಯ ಕಾನೂನಿನದು, ಹೇಗೋ ಕಳೆಯಿತು. ಹತ್ತೂವರೆಗೆ ಕಾಫಿ ಬಂತು, ಜೊತೆಗೊಂದು ಬಿಸ್ಕತ್ತಿನ ಪೊಟ್ಟಣ. ಆಮೇಲೆ ನಡತೆಯ ಪಾಠಕ್ಕೆ ಒಬ್ಬ ವಕೀಲ ಬಂದ. ದಪ್ಪಗಿನ, ಲವಲವಿಕೆಯ ಮನುಷ್ಯ; ಮೈಕು ಹಿಡಿದರೆ ಹಾಡುಗಾರನ ಹಾಗೆ ಓಡಾಡುವವನು.

"ಒಬ್ಬ ಬ್ರೋಕರು ಒಂದು ಗಿರಾಕೀನ ತಿಂಗಳುಗಟ್ಟಲೆ ಸುತ್ತಿಸ್ತಾನೆ ಅಂತಿಟ್ಕೊಳಿ. ಮಧ್ಯದಲ್ಲಿ ಇನ್ನೊಬ್ಬ ಬಂದು ಕೊಕ್ಕೆಹಾಕಿ ಎತ್ಕೊಂಡು ಹೋಗ್ತಾನೆ. ತಪ್ಪೆಲ್ಲಿ ಆಯ್ತು? ಪಕ್ಕದವರ ಜೊತೆ ಹತ್ತು ನಿಮಿಷ ಚರ್ಚೆ ಮಾಡಿ, ಒಂದು ಹಾಳೆ ಮೇಲೆ ಬರೆದು ಕೊಡಿ. ಇಬ್ಬರಿಗೂ ಸೇರಿ ಒಂದೇ ಹಾಳೆ!"

ಹಾಲಿನ ತುಂಬ ಗುಜುಗುಜು ಎದ್ದಿತು. ಮುಂದಿನ ಸಾಲಿನವರು ಆಗಲೇ ಕೈ ಆಡಿಸಿ ಜಗಳಕ್ಕಿಳಿದಿದ್ದರು. ಅಂಪಾರೊ ಮತ್ತು ಮೆಲೆಸಿಯೊ ನಡುವೆ ಬಿಳೀ ಹಾಳೆ ಬಿದ್ದಿತ್ತು. ಎಂಟು ನಿಮಿಷ ಇಬ್ಬರೂ ಅದನ್ನೇ ನೋಡುತ್ತ ಕೂತರು. ಕೊನೆಗೆ ಮೆಲೆಸಿಯೊ ಒಂದು ಬೆರಳಿನಿಂದ ಹಾಳೆಯನ್ನು ಅವಳ ಕಡೆ ತಳ್ಳಿದ.

"ನೀನೇ ಬರಿ, ಪಾರಿಂಗ್. ನಿನ್ನ ಅಕ್ಷರ ಚೆನ್ನಾಗಿದೆ."

ಅಂಪಾರೊ ಬರೆದಳು: 'ಮೊದಲು ಒಂದು ಮಾತು ಕೇಳಬೇಕಿತ್ತು.'

ಅವನು ಕನ್ನಡಕ ಏರಿಸಿ ಓದಿದ. ಪೆನ್ನು ತೆಗೆದುಕೊಂಡು ಕೆಳಗೆ 'ಹೌದು' ಎಂದು ಬರೆದ. ಪೆನ್ನು ಮುಚ್ಚಿದವನು ಮತ್ತೆ ತೆರೆದು ಇನ್ನೊಂದು ಪದ ಸೇರಿಸಿದ: 'ಕ್ಷಮಿಸು.' ಚಾರಿಸ್ ಬಂದು ಹಾಳೆ ಒಯ್ದಳು. ವಕೀಲನಿಗೆ ಅದು ಎಷ್ಟು ಅರ್ಥವಾಯಿತೋ ಏನೋ.

ಊಟಕ್ಕೆ ಅಂಪಾರೊ ಬೇರೆ ಮೇಜಿಗೆ ಹೋದಳು. ಬಡಿಸಿಕೊಂಡದ್ದರಲ್ಲಿ ಅರ್ಧ ತಟ್ಟೆಯಲ್ಲೇ ಉಳಿಯಿತು. ಪರಿಚಯದವರ ಜೊತೆ ಹೂಂ, ಉಹೂಂ ಎಂದು ಮುಗಿಸಿ, ಒಂದಕ್ಕೆ ಇಪ್ಪತ್ತು ನಿಮಿಷ ಇರುವಾಗ ಹಾಲಿಗೆ ವಾಪಸು ಬಂದರೆ ಮೆಲೆಸಿಯೊ ಕಿಟಕಿ ಹತ್ತಿರ ಫೋನಿನಲ್ಲಿದ್ದ.

"ಜ್ವರ ಎಷ್ಟಿದೆ?... ಇಲ್ಲ ಇಲ್ಲ, ಮಗೂನ ಬಿಟ್ಟು ನೀನು ಹೊರಡ್ಬೇಡ, ರೊವೆನಾ. ನಾನು ಹೋಗ್ತೀನಿ... ಅಯ್ಯೋ, ಪಾಠ ಏನು, ಆಮೇಲೆ ನೋಡ್ಕೊಂಡ್ರಾಯ್ತು. ಒಂದೂವರೆಗೆ ಮುಗಿಯುತ್ತಲ್ಲ? ನಾನಿರ್ತೀನಿ."

ಫೋನು ಜೇಬಿಗಿಟ್ಟು ಕುರ್ಚಿಗೆ ಬಂದವನು ಪುಸ್ತಕ, ಕನ್ನಡಕದ ಡಬ್ಬಿ ಎಲ್ಲ ಚೀಲಕ್ಕೆ ತುಂಬತೊಡಗಿದ. ಅಂಪಾರೊಗೆ ಸುಮ್ಮನಿರಲಾಗಲಿಲ್ಲ.

"ಹೊರಟಿರಾ? ಮಧ್ಯಾಹ್ನದ ಸಹಿ?"

"ಲಿಬಾಯ್‌ನ ಕರ್ಕೊಂಡ್ಬರ್ಬೇಕು. ಡಯಾಲಿಸಿಸ್ ಸೆಂಟರಲ್ಲಿದಾಳೆ, ಸಹಿಗೆ ಕಾದ್ರೆ ತಡ ಆಗುತ್ತೆ. ಬುಧವಾರ, ಶನಿವಾರ. ಯಾವಾಗ್ಲೂ ಸೊಸೆ ಹೋಗ್ತಿದ್ಲು, ಇವತ್ತು ಮೊಮ್ಮಗೂಗೆ ಜ್ವರ."

ಡಯಾಲಿಸಿಸ್ ಎಂಬ ಮಾತು ಅಂಪಾರೊಳ ಕಿವಿಗೆ ಬಿದ್ದರೂ ತಲೆಗೆ ಹೋಗಲು ಹೊತ್ತಾಯಿತು. "ಯಾವಾಗಿಂದ?"

"ಎರಡು ವರ್ಷ ಆಯ್ತು. ಮುಗಿದ ಮೇಲೆ ತಲೆ ಸುತ್ತುತ್ತೆ ಅವಳಿಗೆ. ಜೊತೆಗೆ ಯಾರೂ ಇಲ್ದೆ ಹೊರಗೆ ಬಿಡಲ್ಲ ಅವರು."

"ನಿಮ್ಮ ಹುಟ್ಟುಹಬ್ಬ ಈ ತಿಂಗಳೇ ಅಲ್ವಾ ನೊಂಗ್?" ಎಷ್ಟೋ ವರ್ಷ ಆ ಹುಟ್ಟುಹಬ್ಬಕ್ಕೆ ಅವಳೇ ನೂಡಲ್ಸ್ ಮಾಡಿಕೊಂಡು ಹೋಗಿದ್ದಳು, ಮರೆಯುವುದು ಹೇಗೆ?

"ಇಪ್ಪತ್ತಾರಕ್ಕೆ. ಇನ್ನು ಐದು ದಿನ." ಮೆಲೆಸಿಯೊ ನಕ್ಕ ಹಾಗೆ ಮಾಡಿದ. "ಏಳು ಯೂನಿಟ್ಟಿದೆ, ಇನ್ನೂ ಎಂಟು ಬೇಕು. ಆಗ್ಲಿ ಬಿಡು. ನನ್ನ ಕೈಕೆಳಗೆ ಕೆಲಸ ಮಾಡೋ ಇಬ್ಬರು ಹುಡುಗೀರು ಪಾಪ, ನನ್ನ ಲೈಸೆನ್ಸು ಹೋದ್ರೆ ಅವರದ್ದೂ ನಿಲ್ಲುತ್ತೆ. ಅದೊಂದೇ ಯೋಚನೆ."

ಹಿಂದಿನ ಸಾಲಿನಿಂದ ಒಬ್ಬ ಬಗ್ಗಿ ಪಿಸುಗುಟ್ಟಿದ: "ನೊಂಗ್ ಮೆಲ್, ಹೋಗಿ ಬನ್ನಿ. ನಿಮ್ಮ ಸಹಿ ನಾವು ಹಾಕ್ತೀವಿ. ಯಾರು ನೋಡ್ತಾರೆ?"

"ಈಗ ತಾನೆ ಆ ವಕೀಲ ಒಂದು ಗಂಟೆ ಗಂಟಲು ಹರ್ಕೊಂಡಿದ್ದಾನೆ," ಎಂದ ಮೆಲೆಸಿಯೊ. "ಊಟ ಅರಗೋವರೆಗಾದ್ರೂ ಮರ್ಯಾದೆಯಾಗಿರೋಣ."

ಎಲ್ಲರೂ ನಕ್ಕರು. ಮೆಲೆಸಿಯೊ ಚೀಲ ಹೆಗಲಿಗೆ ಹಾಕಿಕೊಂಡ. ಅಂಪಾರೊ ಅದರ ಪಟ್ಟಿ ಹಿಡಿದು ಕೆಳಗೆ ಇಳಿಸಿದಳು. ತಾನು ಹಾಗೆ ಮಾಡುತ್ತೇನೆಂದು ಅವಳಿಗೂ ಆ ಗಳಿಗೆಯವರೆಗೆ ಗೊತ್ತಿರಲಿಲ್ಲ.

"ಕೂರಿ. ನಾನು ಹೋಗ್ತೀನಿ."

"ನಿನ್ನ ಯೂನಿಟ್ಟು?"

"ನಂದು ನವೆಂಬರು. ಇನ್ನೂ ಹತ್ತು ತರಗತಿ ಬರ್ತವೆ, ಎಲ್ಲಾದ್ರೂ ಕೂತ್ಕೋತೀನಿ. ಯಾವ ಸೆಂಟರು, ಅದನ್ನ ಹೇಳಿ."

ಅವನು ಏನೋ ಹೇಳಲು ಬಾಯಿ ತೆರೆದ. "ಪಾರಿಂಗ್, ಅವಳು ನಿನ್ನ ನೋಡಿದ್ರೆ..." ಎಂದು ಅಲ್ಲಿಗೇ ನಿಲ್ಲಿಸಿದ.

"ನೋಡಿದ್ರೆ ಏನು, ಓಡಿಹೋಗ್ತಾಳಾ? ಸೂಜಿ ಚುಚ್ಚಿರ್ತಾರಲ್ಲ."

ಬಾಗಿಲಲ್ಲಿ ಚಾರಿಸ್ ತಡೆದಳು. "ನಾಂಗ್, ಈಗ ಹೋದ್ರೆ ಬೆಳಗಿಂದೂ ಲೆಕ್ಕಕ್ಕೆ ಬರಲ್ಲ. ಇಡೀ ದಿನ ದಂಡ."

"ಹೋಗ್ಲಿ ಬಿಡು, ಇಂದಾಯ್. ಹೆಸರು ಹೊಡೆದುಹಾಕು."

ಮೊಲೊ ಕಡೆಯ ಜೀಪ್ನಿ ಹತ್ತಿ ಕೂತಾಗ ಅವಳಿಗೆ ಧೈರ್ಯ ಸೋರಿಹೋಯಿತು. ಏನು ಮಾತಾಡುವುದು? ಹೇಗಿದ್ದೀಯ ಎನ್ನುವುದೇ? ಎರಡು ವರ್ಷದಿಂದ ವಾರಕ್ಕೆರಡು ಸಲ ಮೈಯ ರಕ್ತವನ್ನೆಲ್ಲ ಯಂತ್ರಕ್ಕೆ ಹಾಯಿಸಿಕೊಳ್ಳುವವಳನ್ನು ಹಾಗೆ ಕೇಳುತ್ತಾರೆಯೇ? ಒಂದು ನಿಲ್ದಾಣ ಮೊದಲೇ ಇಳಿದು ನಡೆದಳು. ಬಿಸಿಲು ಚುರುಗುಟ್ಟುತ್ತಿತ್ತು. ಹಣ್ಣಿನ ಅಂಗಡಿಯಲ್ಲಿ ಹಳದಿ ಮಾವು ಕಂಡು ಎರಡು ಕೊಂಡಳು; ಲಿಬ್ರಾದಳಿಗೆ ಮಾವೆಂದರೆ ಪ್ರಾಣ.

ಸೆಂಟರಿನ ನರ್ಸು ಮೊದಲು ನೋಡಿದ್ದೇ ಆ ಚೀಲವನ್ನು. "ಮ್ಯಾಮ್, ಮಾವು ಕೂಡದು. ಬಾಳೆಹಣ್ಣೂ ಕೂಡದು. ಕಿಡ್ನಿಯವರಿಗೆ ಪೊಟ್ಯಾಷಿಯಂ ಆಗಲ್ಲ. ಇಲ್ಲೇ ಬಿಟ್ಟು ಹೋಗಿ."

"ನೀನೇ ತಿನ್ನು, ಮಗಳೇ," ಎಂದು ಚೀಲವನ್ನು ಅವಳ ಕೈಗೆ ತುರುಕಿ ಅಂಪಾರೊ ಒಳಗೆ ಹೋದಳು.

ಉದ್ದನೆಯ ಕೋಣೆ, ಎರಡೂ ಬದಿಗೆ ಒರಗುಕುರ್ಚಿ, ಪ್ರತಿ ಕುರ್ಚಿಯ ಪಕ್ಕ ಗುಂಯ್ ಎನ್ನುವ ಒಂದು ಯಂತ್ರ. ಮೂಲೆಯ ಕುರ್ಚಿಯಲ್ಲಿ ಕೆನ್ನೀಲಿ ಹೊದಿಕೆಯಡಿ ಲಿಬ್ರಾದ ಕಣ್ಣು ಮುಚ್ಚಿ ಮಲಗಿದ್ದಳು. ಹಿಂದೆ ಅವಳ ಕೆನ್ನೆಗಳು ರೊಟ್ಟಿ ಉಬ್ಬಿದ ಹಾಗಿದ್ದವು. ಈಗ ಮೂಗೊಂದೇ ಹಳೆಯದು ಉಳಿದಿತ್ತು. ಎಡತೋಳಿನಿಂದ ಎರಡು ಕೆಂಪು ನಳಿಕೆ ಹೊರಟು ಯಂತ್ರಕ್ಕೆ ಹೋಗಿದ್ದವು.

ಅಂಪಾರೊ ಸ್ಟೂಲು ಎಳೆದುಕೊಂಡು ಕೂತಳು. ಆ ಸದ್ದಿಗೆ ಲಿಬ್ರಾದ ಕಣ್ಣು ತೆರೆದಳು. ತುಂಬ ಹೊತ್ತು ನೋಡಿದಳು.

"ನಾನು ಸತ್ತೆನಾ?"

"ಇನ್ನೂ ಇಲ್ಲ. ಇಪ್ಪತ್ತು ನಿಮಿಷ ಬಾಕಿ ಇದೆ ಅಂತ ಇದರಲ್ಲಿ ಬರ್ತಾ ಇದೆ," ಎಂದಳು ಅಂಪಾರೊ, ಯಂತ್ರದ ಪರದೆ ತೋರಿಸಿ.

ಲಿಬ್ರಾದಳಿಗೆ ನಗು ಬಂತು. ನಕ್ಕರೆ ನಳಿಕೆ ಅಲುಗುತ್ತದೆಂದು ಬಲಗೈಯಿಂದ ತೋಳು ಒತ್ತಿ ಹಿಡಿದುಕೊಂಡಳು. "ಮೆಲ್ ಎಲ್ಲಿ? ರೊವೆನಾ?"

ಅಂಪಾರೊ ಹೇಳಿದಳು: ಮಗುವಿನ ಜ್ವರ, ತರಗತಿ, ಮಧ್ಯಾಹ್ನದ ಸಹಿ, ಎಲ್ಲವನ್ನೂ. ಹಾಳೆಯ ವಿಷಯ ಮಾತ್ರ ಹೇಳಲಿಲ್ಲ. ಲಿಬ್ರಾದ ಎಲ್ಲ ಕೇಳಿಸಿಕೊಂಡಳು. ಆಮೇಲೆ ಕೇಳಿದ್ದು ಇದು:

"ಊಟಕ್ಕೆ ಏನಿತ್ತು, ದಾಯ್?"

ದಾಯ್. ಒಂಬತ್ತು ವರ್ಷದಿಂದ ಅಂಪಾರೊಳನ್ನು ಯಾರೂ ಹಾಗೆ, ಓರಗೆಯ ಹುಡುಗಿಯನ್ನು ಕೂಗಿದ ಹಾಗೆ, ಕರೆದಿರಲಿಲ್ಲ. ಹಾಗೆ ಕರೆಯಬಲ್ಲ ವಯಸ್ಸಿನವರು ಹೆಚ್ಚು ಜನ ಉಳಿದೂ ಇರಲಿಲ್ಲ.

"ಸುಟ್ಟ ಕೋಳಿ."

"ಹಾಗೆ ಹೇಳಿದ್ರೆ ಏನು ಬಂತು? ಸರಿಯಾಗಿ ಹೇಳು. ನನಗೆ ಉಪ್ಪಿಲ್ಲ, ಹುಳಿಯಿಲ್ಲ, ಬಾಯಾರಿದ್ರೆ ಎರಡು ಚೂರು ಮಂಜುಗಡ್ಡೆ. ಕೇಳಿಯಾದ್ರೂ ತಿಂತೀನಿ."

ಅಂಪಾರೊ ವಿವರಿಸತೊಡಗಿದಳು. ಕೋಳಿಯ ತೊಡೆ, ಲೆಮನ್‌ಗ್ರಾಸಿನ ವಾಸನೆ, ಅಂಚು ಸ್ವಲ್ಪ ಕರಕಾಗಿದ್ದದ್ದು. ಅನ್ನದ ಮೇಲೆ ಸುರಿದ ಹಳದಿ ಎಣ್ಣೆ. ಹಲಸಿನ ಗುಜ್ಜೆ ಹಾಕಿದ ಹಂದಿಮಾಂಸದ ಸಾರು, ಹುಳಿ ಕಮ್ಮಿಯಾಗಿತ್ತು. "ನಿಮ್ಮಮ್ಮ ಮಾಡ್ತಿದ್ದ ಸಾರಿನ ಮುಂದೆ ಅದು ತೊಳೆದ ನೀರು ಬಿಡು," ಎಂದಳು. ಲಿಬ್ರಾದ ಕಣ್ಣು ಮುಚ್ಚಿಕೊಂಡು, ತುಟಿ ಚಪ್ಪರಿಸಿ, "ಇನ್ನೊಂದು ಸ್ವಲ್ಪ ಬಡಿಸು," ಎಂದಳು. ಪಕ್ಕದ ಕುರ್ಚಿಯ ಮುದುಕ ಹೊದಿಕೆಯೊಳಗಿಂದ, "ಸಾರಿನ ಜೊತೆ ಒಣಮೀನು ಇರ್ಲಿಲ್ವಾ ತಾಯಿ?" ಎಂದು ಕೇಳಿದ. ಅವನಿಗೋಸ್ಕರ ಅಂಪಾರೊ ಒಣಮೀನನ್ನೂ ಸೇರಿಸಿದಳು.

ನಗು ಇಳಿದ ಮೇಲೆ ಲಿಬ್ರಾದ ಕಣ್ಣು ತೆರೆಯದೆಯೇ ಹೇಳಿದಳು: "ದಾಯ್, ಆ ದುಬೈ ಗಿರಾಕಿ ವಿಷಯ ಮೆಲ್‌ಗೆ ಹೇಳಿದ್ದು ನಾನೇ."

"ಗೊತ್ತು. ಮಾತಿಗೆ ಮಾತು ಬಂದಿರುತ್ತೆ."

"ಇಲ್ಲ. ಬೇಕಂತಲೇ ಹೇಳ್ದೆ. ನೀನು ಅವರನ್ನ ಬಿಟ್ಟುಬಿಟ್ಟಿದೀಯ, ನಿನಗೆ ಅವರು ಬೇಡ ಅಂತ ಹೇಳ್ದೆ. ಫೋನ್ ನಂಬರೂ ನಾನೇ ಕೊಟ್ಟೆ. ಮೆಲ್ ಮೂರು ಸಲ ಕೇಳಿದ್ರು, ಪಾರಿಂಗ್‌ನ ಒಂದು ಮಾತು ಕೇಳ್ಲಾ ಅಂತ. ಬೇಡ, ಅವಳಿಗೆ ಬೇಜಾರಾಗುತ್ತೆ ಅಂದೆ."

ಬೆಳಗ್ಗೆ ಆ ಮನುಷ್ಯ ಬರೆದ ಎರಡು ಪದ ಅಂಪಾರೊಳ ಕಣ್ಣ ಮುಂದೆ ಬಂದವು. ಒಂಬತ್ತು ವರ್ಷದ ಹಿಂದೆ ಬಾಗಿಲಲ್ಲಿ ನಿಂತು ಬೈಸಿಕೊಂಡ ಆ ತಗ್ಗಿದ ತಲೆಯೂ.

"ಅವರ ಮೇಲೆ ಹಾಕ್ದೆಯಲ್ಲ ಎಲ್ಲಾನೂ."

"ನಾನು ಹಾಕ್ಲಿಲ್ಲ. ಅವರೇ ಹೊತ್ಕೊಂಡ್ರು. ನೀನು ಬಂದು ಕೂಗಾಡಿ ಹೋದ್ಮೇಲೆ ನಿಜ ಹೇಳ್ದೆ. ಒಂದಿನ ಊಟ ಬಿಟ್ರು, ಅಷ್ಟೆ. ಆಮೇಲೆ, ನಿನ್ನ ಗೆಳೆತನ ಹೋಗಿದ್ದು ಸಾಕು, ಮರ್ಯಾದೆಯೂ ಹೋಗೋದು ಬೇಡ, ಯಾರಿಗೂ ಹೇಳ್ಬೇಡ ಅಂದ್ರು."

"ಯಾಕೆ, ಲಿಬಾಯ್? ನನ್ನ ಕೇಳಿದ್ರೆ ನಾನೇ ಒಂದು ಗಿರಾಕೀನ ಕೊಡ್ತಿರ್ಲಿಲ್ವಾ?"

"ಕೊಡ್ತಿದ್ದೆ. ಅದಕ್ಕೇ ಕೇಳ್ಲಿಲ್ಲ. ಕೇಳಿದ್ರೆ ಅವರ ಪರಿಸ್ಥಿತಿ ನಿನ್ನ ಮುಂದೆ ಬಿಚ್ಚಿಡ್ಬೇಕಿತ್ತು." ಲಿಬ್ರಾದ ಈಗ ಕಣ್ಣು ತೆರೆದಳು. "ಆ ವರ್ಷ ಒಂದೂ ಮನೆ ಮಾರಿರ್ಲಿಲ್ಲ ಅವರು. ಬೆಳಗ್ಗೆ ಇಸ್ತ್ರಿ ಶರ್ಟು ಹಾಕ್ಕೊಂಡು, ಗಿರಾಕಿ ಇದಾರೆ ಅಂತ ಹೊರಡೋರು. ಒಂದಿನ ಸಂತೆಯಿಂದ ಬರ್ತಾ ನೋಡ್ತೀನಿ, ಮೊಲೊ ಚರ್ಚಿನ ಮುಂದಿನ ಪಾರ್ಕಲ್ಲಿ ಬೆಂಚಿನ ಮೇಲೆ ಕೂತಿದಾರೆ. ಶರ್ಟು ಮುದುರಬಾರದು ಅಂತ ಒರಗಿ ಕೂಡ ಕೂತಿಲ್ಲ, ನೆಟ್ಟಗೆ. ಮಾರನೇ ದಿನ ಹೋದೆ, ಹಾಗೇ ಕೂತಿದ್ರು. ಅದರ ಮಾರನೇ ದಿನಾನೂ. ತಡ್ಕೊಳಕ್ಕಾಗ್ಲಿಲ್ಲ ಕಣೇ."

ಯಂತ್ರ ಪಿಪ್ ಪಿಪ್ ಎಂದಿತು. ನರ್ಸು ಬಂದು ಗುಂಡಿ ಒತ್ತಿ, ಹತ್ತು ನಿಮಿಷ ಎಂದು ಹೇಳಿ ಹೋದಳು.

ಅಂಪಾರೊಗೆ ಸಿಟ್ಟು ಬರಲಿಲ್ಲವೆಂದಲ್ಲ. ಬಂತು, ಮುಖ ಬಿಸಿಯಾಗುವಷ್ಟು ಬಂತು. ಆದರೆ ಅದು ನಾಲ್ಕು ತಿಂಗಳು ಸುತ್ತಿದ ಗಿರಾಕಿಯ ಸಿಟ್ಟಾಗಿರಲಿಲ್ಲ.

"ಅದೆಲ್ಲ ಹಾಳಾಗಿ ಹೋಗ್ಲಿ. ಸಿಪ್ರಿಯಾನೊ ಹೋದಾಗ ಯಾಕೆ ಬರ್ಲಿಲ್ಲ? ಪ್ರಾರ್ಥನೆ ನಡೆದ ಒಂಬತ್ತು ದಿನ ಬಾಗಿಲು ತೆರೆದಿತ್ತು. ಒಂಬತ್ತು ದಿನಾನೂ ನಾನು ಬಾಗಿಲು ನೋಡ್ತಾನೇ ಇದ್ದೆ."

"ಬಂದಿದ್ದೆ."

"ಸುಳ್ಳು."

"ಎರಡನೇ ದಿನ, ಮಧ್ಯಾಹ್ನ. ಎದುರುಗಡೆ ಔಷಧಿ ಅಂಗಡಿ ಇದೆಯಲ್ಲ, ಅಲ್ಲಿ ನಿಂತಿದ್ದೆ. ನೀನು ಬಾಗಿಲ ಹತ್ರ ಯಾರಿಗೋ ಕಾಫಿ ಕೊಡ್ತಿದ್ದೆ. ಕರೀ ರವಿಕೆ. ಒಳಗಿನ ಪಟ್ಟಿ ಹೊರಗೆ ಬಂದು ಹೆಗಲ ಮೇಲೆ ಜೋತಾಡ್ತಿತ್ತು. ಅಷ್ಟು ಜನ ಇದ್ದಾರೆ, ಒಬ್ಬಳಾದ್ರೂ ಸರಿ ಮಾಡ್ಬಾರ್ದಾ ಅಂತ ಹೊಟ್ಟೆ ಉರೀತು. ರಸ್ತೆ ದಾಟಿ ಬಂದು ಒಳಗೆ ಸೇರಿಸಿ ಹೋಗ್ಬಿಡೋಣ ಅನ್ಕೊಂಡೆ. ಅರ್ಧ ಗಂಟೆ ನಿಂತಿದ್ದೆ. ಕಾಲು ಬರ್ಲಿಲ್ಲ, ದಾಯ್. ಯಾವ ಮುಖ ಇಟ್ಕೊಂಡು ಬರ್ಲಿ?"

ಅಂಪಾರೊ ಅತ್ತಳು. ಗಂಡ ಸತ್ತಾಗ ಕಾಫಿ ಕೊಡುವುದರಲ್ಲಿ, ಬಂದವರನ್ನು ಕೂರಿಸುವುದರಲ್ಲಿ ಒಳಗೇ ಉಳಿದುಹೋಗಿದ್ದ ಅಳು ಈ ಗುಂಯ್‌ಗುಡುವ ಕೋಣೆಯಲ್ಲಿ, ಅಪರಿಚಿತರ ನಡುವೆ ಬಂತು. ಲಿಬ್ರಾದ ನಳಿಕೆಯಿಲ್ಲದ ಕೈ ಚಾಚಿ ಅವಳ ಕತ್ತಿನ ಬಳಿ ತಡಕಾಡಿ, ರವಿಕೆಯ ಅಂಚು ಸುಮ್ಮನೆ ಒಮ್ಮೆ ಎಳೆದು ಸರಿ ಮಾಡಿದಳು. ಅಲ್ಲಿ ಈಗ ಸರಿ ಮಾಡಲು ಏನೂ ಇರಲಿಲ್ಲ. ಪಕ್ಕದ ಮುದುಕ ಗೋಡೆ ಕಡೆ ತಿರುಗಿಕೊಂಡು ನಿದ್ದೆ ಬಂದವನ ಹಾಗೆ ನಟಿಸಿದ.

ಸೂಜಿ ತೆಗೆದು ಪಟ್ಟಿ ಕಟ್ಟಿದ ಮೇಲೆ ಲಿಬ್ರಾದ ಎದ್ದು ನಿಂತಾಗ ಕಾಲು ಕುಸಿಯಿತು. ಅಂಪಾರೊ ಅವಳನ್ನು ಸೊಂಟದಲ್ಲಿ ಹಿಡಿದಳು. ಮಗುವಿನಷ್ಟೂ ಭಾರವಿರಲಿಲ್ಲ. 'ಕರೆದೊಯ್ಯುವವರು' ಎಂಬಲ್ಲಿ ಸಹಿ ಹಾಕಬೇಕಾಗಿತ್ತು. ಸಂಬಂಧ ಏನು ಎಂದು ನರ್ಸು ಕೇಳಿದಳು.

"ಊರಿನವಳು," ಎಂದಳು ಅಂಪಾರೊ.

"ಬರೀ ಊರಿನವಳಂತೆ!" ಎಂದು ಲಿಬ್ರಾದ ಗೊಣಗಿದಳು. "ಅಕ್ಕ ಅಂತ ಬರ್ಕೋ, ಇಂದಾಯ್. ನನಗಿಂತ ಎರಡು ತಿಂಗಳು ದೊಡ್ಡವಳು. ಅದನ್ನ ಒಪ್ಕೊಳಲ್ಲ, ಅಷ್ಟೆ."

ಮೆಲೆಸಿಯೊ ಮನೆಗೆ ಬಂದಾಗ ಆರು ಗಂಟೆ. ಹೆಂಡತಿ ಮಂಚದ ಮೇಲೆ ಮಲಗಿದ್ದಳು, ಅಂಪಾರೊ ಅಡುಗೆಮನೆಯಲ್ಲಿ ಉಪ್ಪಿಲ್ಲದ ಗಂಜಿ ಕಲಕುತ್ತಿದ್ದಳು. ಅವನು ಬಾಗಿಲಲ್ಲೇ ನಿಂತ. ಕೈಯಲ್ಲಿ ದಪ್ಪ ಕಾಗದದ ಪ್ರಮಾಣಪತ್ರವಿತ್ತು. ಇಬ್ಬರ ಕಣ್ಣೂ ಕೆಂಪಗಿದ್ದದ್ದು ನೋಡಿ ಅವನಿಗೆ ಎಲ್ಲ ತಿಳಿಯಿತು.

"ಹೇಳಿಬಿಟ್ಟಳಾ?"

"ಹೇಳಿದ್ಲು." ಅಂಪಾರೊ ಸೌಟು ಕೆಳಗಿಟ್ಟಳು. "ಅಷ್ಟು ಬೈದೆನಲ್ಲ ನೊಂಗ್ ನಾನು. ಒಂದು ಮಾತು ತಿರುಗಿ ಅನ್ಬಾರದಿತ್ತಾ?"

"ಅಂದಿದ್ರೆ ನೀನು ಇವಳನ್ನ ಬೈತಿದ್ದೆ. ನನಗೆ ಬೈಗುಳ ಅಭ್ಯಾಸ. ಮನೆ ಬ್ರೋಕರು ನಾನು." ಕಾಗದವನ್ನು ಮೇಜಿನ ಮೇಲಿಟ್ಟು ಅವನು ಅಂಗೈಯಿಂದ ಅದನ್ನು ನೇವರಿಸಿದ. "ಹದಿನೈದಾಯ್ತು. ನಿನ್ನ ದಿನ ಮಾತ್ರ ನಾನು ತಿಂದುಹಾಕಿದೆ."

"ಗಂಜಿ ತಿನ್ನಿ ಈಗ. ಅದಕ್ಕೂ ಉಪ್ಪಿಲ್ಲ."

ಸೋಮವಾರ ಮೆಲೆಸಿಯೊ ಕಚೇರಿಗೆ ಹೋಗಿ ಅರ್ಜಿ ಕೊಟ್ಟ, ಹುಟ್ಟುಹಬ್ಬಕ್ಕೆ ಎರಡು ದಿನ ಮೊದಲೇ ಕೆಲಸವಾಯಿತು. ಅಂಪಾರೊ ಮೇ ತಿಂಗಳಲ್ಲಿ ಹಡಗು ಹತ್ತಿ ಆಚೆ ದ್ವೀಪದ ಬಕೊಲೊದ್‌ಗೆ ಹೋಗಿ ಅದೇ ತರಗತಿಗೆ ಮತ್ತೆ ಕೂತಳು. ಪಾಠ ಹೇಳಲು ಅದೇ ವಕೀಲನೇ ಬಂದಿದ್ದ, ಅದೇ ಜೋಕುಗಳು. ಈ ಸಲ ಪಕ್ಕದಲ್ಲಿ ಕೂತಿದ್ದ ಹುಡುಗ ಹತ್ತು ನಿಮಿಷವೂ ತಾನೇ ಮಾತಾಡಿದ, ಅವಳಿಗೆ ಏನೂ ಬರೆಯಲು ಬಿಡಲಿಲ್ಲ. ಸಾಯಂಕಾಲದ ಹಡಗಿನಿಂದ ಇಳಿದಾಗ ಎಂಟು ಯೂನಿಟ್ಟಿನ ಕಾಗದ ಅವಳ ಬ್ಯಾಗಿನಲ್ಲಿತ್ತು.

ಬುಧವಾರಗಳನ್ನು ಅವಳು ರೊವೆನಾಳ ಕೈಯಿಂದ ತೆಗೆದುಕೊಂಡಳು. ಗಿರಾಕಿಗಳಿಗೆ ಬುಧವಾರ ಮಧ್ಯಾಹ್ನ ಮನೆ ತೋರಿಸುವುದಿಲ್ಲ ಎಂದು ಮೊದಲೇ ಹೇಳಿಬಿಡುತ್ತಾಳೆ. ಕೆಲವರು ಮುಖ ಸಿಂಡರಿಸುತ್ತಾರೆ, ಒಂದಿಬ್ಬರು ಬಿಟ್ಟೂ ಹೋಗಿದ್ದಾರೆ. ಲಿಬ್ರಾದ ಒಂದು ವಾರ ಚೆನ್ನಾಗಿರುತ್ತಾಳೆ, ಇನ್ನೊಂದು ವಾರ ಮಾತಾಡಲೂ ತ್ರಾಣವಿಲ್ಲದೆ ಬಿದ್ದಿರುತ್ತಾಳೆ. ಆ ವಾರ ಅಂಪಾರೊ ಸುಮ್ಮನೆ ಕೂತು ಅವಳ ಪಾದಗಳನ್ನು ಹೊದಿಕೆಯೊಳಗೆ ಬಿಸಿಯಾಗುವವರೆಗೆ ಉಜ್ಜುತ್ತಾಳೆ.

ಚೆನ್ನಾಗಿರುವ ವಾರ ಜಗಳವಾಗುತ್ತದೆ. ಮೊನ್ನೆಯದು ಗಿಂಬಾಲಿನ ಸಮುದ್ರ ದಂಡೆಯ ಕುರಿತು. ಹನ್ನೊಂದನೇ ವಯಸ್ಸಿನಲ್ಲಿ ದೋಣಿಯಿಂದ ಬಿದ್ದವಳು ಯಾರು, ಕೂದಲು ಹಿಡಿದು ಎಳೆದವಳು ಯಾರು?

"ಬಿದ್ದಿದ್ದು ನೀನು," ಎಂದಳು ಲಿಬ್ರಾದ.

"ನನಗೆ ಆಗಲೇ ಈಜು ಬರ್ತಿತ್ತು. ನಾನ್ಯಾಕೆ ಬೀಳ್ಲಿ?"

"ಈಜು ಬರೋರು ಬೀಳಲ್ವಾ? ಬಾಯಿ ತುಂಬ ಮರಳು ತುಂಬ್ಕೊಂಡು ಅಳ್ತಿದ್ದೆ, ನಿಮ್ಮಪ್ಪ ಬಂದು..."

"ಅದು ನಿಮ್ಮಪ್ಪ!"

"ನಾಂಗ್, ಮೆಲ್ಲಗೆ," ಎಂದಳು ನರ್ಸು, "ಬಿ.ಪಿ. ಏರ್ತಾ ಇದೆ."

"ಯಾರದ್ದು?" ಎಂದು ಇಬ್ಬರೂ ಒಟ್ಟಿಗೇ ಕೇಳಿದರು. ಪಕ್ಕದ ಕುರ್ಚಿಯ ಮುದುಕ ಹೊದಿಕೆಯಿಂದ ತಲೆ ಹೊರಗೆ ಹಾಕಿ, "ದೋಣಿ ಯಾರದ್ದು, ಅದನ್ನ ಮೊದಲು ಹೇಳಿ," ಎಂದ.